ಆಳೆತ್ತರದ ಕನ್ನಡಿ

ಮೂಗಿನ ತುದಿಗೆ ಗಾಜು ತಣ್ಣಗೆ ತಾಗುತ್ತಿದೆ, ಉಸಿರು ಬಿಟ್ಟರೆ ಮಬ್ಬು, ಮಬ್ಬು ಆರಿದರೆ ತನ್ನದೇ ಕಣ್ಣು, ಅದರ ಪಕ್ಕದಲ್ಲಿ ಬೆನ್ನ ಹಿಂದಿನ ಮುಂಬಾಗಿಲು — ಎರಡೂ ಅಂಗೈ ಕನ್ನಡಿಗೆ ಒತ್ತಿ ನಿಂತು ಎಷ್ಟು ಹೊತ್ತಾಯಿತೋ ಮಾರ್ಸೆಲಿನ್‌ಗೆ ಗೊತ್ತಿಲ್ಲ, ಕೈಬಿಟ್ಟರೆ ಆಳೆತ್ತರದ ಗಾಜು ಮೈಮೇಲೆ, ಬಿಡದಿದ್ದರೆ ಆಸ್ಪತ್ರೆಯಿಂದ ಬರುವ ಗಂಡ ಇದರಲ್ಲೇ ಮುಖ ನೋಡಿಕೊಳ್ಳುತ್ತಾನೆ. ಕನ್ನಡಿ ಬಿಚ್ಚಲಿಕ್ಕೆ ಇಬ್ಬರು ಬೇಕು ಆಂಟಿ, ಒಬ್ಬರೇ ಮುಟ್ಟಲಿಕ್ಕೆ ಹೋಗಬೇಡಿ, ನಾಲ್ಕು ಗಂಟೆಗೆ ಬರ್ತೇನೆ ಅಂದಿದ್ದ ಬಡಗಿ ಅಲ್ಫೋನ್ಸ್, ಆದರೆ ಹನ್ನೆರಡಕ್ಕೇ ಮಗ ಫ್ಲೋಯ್ಡ್‌ನ ಫೋನು, ಮಮ್ಮಿ, ಡಿಸ್ಚಾರ್ಜ್ ಬೇಗ ಆಯ್ತು, ಡ್ಯಾಡಿಯನ್ನು ಕರ್ಕೊಂಡು ಹೊರಟೆ — ಅತ್ತಾವರದ ಆಸ್ಪತ್ರೆಯಿಂದ ಕುಲಶೇಖರದ ಮನೆಗೆ ಎಷ್ಟು ದೂರ ಉಂಟು, ಇವತ್ತೊಂದು ದಿನ ರಸ್ತೆ ಜಾಮ್ ಆಗಲಿ ದೇವರೇ. ಮೂವತ್ತು ವರ್ಷ ನರ್ಸ್ ಆಗಿದ್ದವಳ ಜಾಣತನ ನೋಡಬೇಕು, ಗಾಜು ಒಡೆದರೂ ಚದುರಬಾರದೆಂದು ಗಾಯದ ಪ್ಲಾಸ್ಟರನ್ನೇ ಅಡ್ಡಡ್ಡ ಅಂಟಿಸಿದ್ದಾಯಿತು, ಆಮೇಲೆ ಹೊಲಿಗೆ ಬಿಚ್ಚುವ ಹಾಗೆ ಮೇಲಿನಿಂದ ಶುರು, ಮೊದಲು ಎಡದ ಸ್ಕ್ರೂ, ಮತ್ತೆ ಬಲದ್ದು, ಹಿಡಿದುಕೊಳ್ಳಲು ಇನ್ನೊಬ್ಬರಿಲ್ಲ ಎಂಬುದು ಗಾಜು ಗೋಡೆ ಬಿಟ್ಟು ತನ್ನತ್ತ ವಾಲಿದಾಗಲೇ ನೆನಪಾದದ್ದು.

ಮುಖ ಹೇಗುಂಟು, ಗಂಡ ಆಂಬ್ರೋಸ್ ಸ್ಲೇಟಿನಲ್ಲಿ ಬರೆದು ಕೇಳಿದ್ದ, ಮಾತು ಇನ್ನೂ ಬರುವುದಿಲ್ಲ, ಕ್ಯಾನ್ಸರ್ ಎಂದು ಎಡಗೆನ್ನೆ, ದವಡೆ, ಅರ್ಧ ಮೀಸೆ ಎಲ್ಲ ತೆಗೆದಿದ್ದಾರೆ, ಎಂತ ಆಗ್ಲಿಲ್ಲ, ಸ್ವಲ್ಪ ಊದಿದ್ದು ಅಷ್ಟೆ ಅಂದಳು, ರೋಗಿಗಳಿಗೆ ಹೇಳಿ ಹೇಳಿ ಪಳಗಿದ ಸುಳ್ಳು, ಅವನು ನಂಬಿದ, ವಾರ್ಡಿನ ಬಾತ್‌ರೂಮ್ ಕನ್ನಡಿಗೆ ಟವೆಲು ಕಟ್ಟಿದಳು, ಫೋನು ಕೈಗೆ ಕೊಡಲಿಲ್ಲ, ಮನೆಯಲ್ಲಿ ಉಳಿದ ಕನ್ನಡಿ ಇದೊಂದೇ. ಇದರ ಮುಂದೆ ನಿಲ್ಲದೆ ಅವನು ಒಳಗೆ ಬಂದದ್ದೇ ಇಲ್ಲ, ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ಬರಲಿ, ಬಂದರಿನಿಂದ ಬಂಗುಡೆ ಮೀನು ಹಿಡಿದುಕೊಂಡು ಬರಲಿ, ಜೇಬಿನಿಂದ ಆ ಸಣ್ಣ ಕಪ್ಪು ಬಾಚಣಿಗೆ, ಮೀಸೆಗೆ ಎಡಕ್ಕೆ ಎರಡು ಸಲ, ಬಲಕ್ಕೆ ಎರಡು ಸಲ, ಸಾಕು ಮಾರಾಯ, ಮದುಮಗನ ಹಾಗೆ, ಎಂದು ಅವಳು ಅಡುಗೆಮನೆಯಿಂದ ಛೇಡಿಸುವುದು — ಬಾಚಣಿಗೆ, ಅಯ್ಯೋ, ಬೆಳಿಗ್ಗೆ ಅವನಿಗೆ ಹಾಕಲೆಂದು ಇಸ್ತ್ರಿ ಮಾಡಿದ ಅಂಗಿ ಕಳುಹಿಸುವಾಗ ಜೇಬಿಗೆ ಬಾಚಣಿಗೆ ಹಾಕಿದ್ದು ಯಾರು, ತಾನೇ, ಯೋಚಿಸಲೇ ಇಲ್ಲ, ಕೈ ತನ್ನಷ್ಟಕ್ಕೆ ಹಾಕಿಬಿಟ್ಟಿತು.

ಗೇಟಿನ ಚಿಲಕ. ಕಾರಿನ ಬಾಗಿಲು, ಒಂದು, ಮತ್ತೊಂದು. ಫ್ಲೋಯ್ಡ್, ಹಿಂದಿನ ಬಾಗಿಲಿನಿಂದ ಬನ್ನಿ, ಅವಳು ಕೂಗುತ್ತಾಳೆ, ಕೂಗಿಗೆ ಗಾಜು ಪೂರ್ತಿ ಮಬ್ಬಾಗುತ್ತದೆ, ಎಂತ ಮಮ್ಮಿ, ಕೇಳ್ಲಿಲ್ಲ, ಕೆಳಗಿನ ಸ್ಕ್ರೂ ಕಿರ್ ಎನ್ನುತ್ತದೆ, ಮಬ್ಬು ಆರಬೇಡ, ಆರಬೇಡ, ಆರುತ್ತಿದೆ, ಅಂಚಿನಿಂದ ಒಳಕ್ಕೆ, ಬಾಗಿಲು ತೆರೆದಿದೆ, ಇಸ್ತ್ರಿಯ ಅಂಗಿ, ಅವನು ಅವಳನ್ನು ನೋಡುತ್ತಿಲ್ಲ, ಇನ್ನೂ ಏನನ್ನೂ ನೋಡಿಲ್ಲ, ಎಂದಿನಂತೆ ಕೈ ಜೇಬಿಗೆ ಹೋಗಿದೆ, ಬಾಚಣಿಗೆ ಮೇಲೇರುತ್ತಿದೆ, ಮೊದಲು ಎಡಕ್ಕೆ, ಎಡಕ್ಕೆ, ಬಾಚಣಿಗೆ ಅಲ್ಲೇ ನಿಂತಿದೆ.