ಕುಂಕುಮದಡಿಯ ಕೆಂಪು ಬರಹ

ಮೂರು ವರ್ಷದ ಮೇಲೆ ಎರಡು ದಿನ! ಬೆರಳು ಮಡಿಚಿ ಮಡಿಚಿ ಎಣಿಸಿದ್ದ ಪುಟ್ಟರಾಜು ಸಾರಿಗೆ ಕಚೇರಿಯ ಕಿಟಕಿಯ ಮುಂದೆ ಬೆವರುತ್ತ ನಿಂತಿದ್ದ. ತೊಂಬತ್ಮೂರರಲ್ಲಿ ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಸ್ಸು ಜೋರಾಗಿ ಓಡಿಸಿದ್ದಕ್ಕೆ ಕೋರ್ಟು ದಂಡ ಹಾಕಿ, ಲೈಸೆನ್ಸು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದುಬಿಟ್ಟಿತ್ತು. ಆ ಬರಹ ಮೂರು ವರ್ಷ ಇರುತ್ತದೆ, ಆಮೇಲೆ ಹಳೇ ಪುಸ್ತಕ ಕೊಟ್ಟು ಕಲೆಯಿಲ್ಲದ ಹೊಸದನ್ನು ಪಡೆಯಬಹುದು ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರು. ನಾಳೆಯೇ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಸಂದರ್ಶನ. ಕಲೆಯಿರುವ ಲೈಸೆನ್ಸು ತಂದವರನ್ನು ಒಳಗೇ ಬಿಡುವುದಿಲ್ಲ. ಮುಂದಿನ ತಿಂಗಳಿಗೆ ಅವನ ವಯಸ್ಸೂ ಮೀರುತ್ತದೆ. ಇವತ್ತು ತಪ್ಪಿದರೆ ಪಾಂಡವಪುರ–ಕೆ.ಆರ್. ಪೇಟೆ ನಡುವಿನ ಆ ಲಟಾರಿ ಖಾಸಗಿ ಬಸ್ಸೇ ಸಾಯುವ ತನಕ ಗತಿ.

ಗುಮಾಸ್ತ ಜಯರಾಮಯ್ಯ ಪುಸ್ತಕ ಬಿಡಿಸಿದವರೇ ಹುಬ್ಬು ಗಂಟಿಕ್ಕಿದರು. ಆ ಹಾಳೆಯ ತುಂಬ ಕುಂಕುಮ, ಅರಿಸಿನ ಮೆತ್ತಿಕೊಂಡಿತ್ತು. ತಾರೀಖೂ ಇಲ್ಲ, ಅಕ್ಷರವೂ ಇಲ್ಲ.

"ಬೇಕಂತಲೇ ಮುಚ್ಚಿದ್ದೀರೇನ್ರಿ? ಇದು ತಿದ್ದಿದ್ದು ಅಂತ ಬರೆದು ಸಾಹೇಬರಿಗೆ ಕಳಿಸಿದರೆ ಲೈಸೆನ್ಸೇ ಹೋಗುತ್ತೆ."

ನಾಚಿಕೆಗೆ ಆ ಹಾಳೆಯನ್ನು ಪುಟ್ಟರಾಜು ಒಂದು ದಿನವೂ ತೆರೆದು ನೋಡಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಚಲುವಮ್ಮನ ಕಡೆ ತಿರುಗಿದ.

"ಏನೇ ಇದು?"

"ಆಯುಧಪೂಜೆಲಿ ನಿಮ್ ಪುಸ್ತಕಾನೂ ಇಟ್ಟು ಪೂಜೆ ಮಾಡ್ತಿದ್ದೆ. ಪೀಡೆ ಕಳೀಲಿ ಅಂತ ಆ ಕೆಂಪು ಬರವಣಿಗೆ ಮ್ಯಾಲೇ ಬೊಟ್ಟಿಕ್ದೆ. ಮೂರ್ ವರ್ಸಾನೂವೆ."

"ನನ್ ಮನೆ ಹಾಳ್ ಮಾಡ್ಬುಟ್ಟಲ್ಲೇ!" ಕಚೇರಿಯವರೆಲ್ಲ ತಿರುಗಿ ನೋಡುವಂತೆ ಕೂಗಿದ. ಚಲುವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಜಯರಾಮಯ್ಯ ಮೇಲುಕೋಟೆಯವರು, ಕುಂಕುಮ ಕಂಡು ಸಿಟ್ಟು ಉಳಿಸಿಕೊಳ್ಳುವವರಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದರು. ಶಾಯಿ ಹಿಂಬದಿಗೆ ಇಳಿದಿತ್ತು. ತಿರುಗುಮುರುಗಾದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸತೊಡಗಿದರು.

"ಹದಿನಾಲ್ಕು, ಒಂಬತ್ತು, ತೊಂಬತ್ಮೂರು. ಅತಿ ವೇಗ. ಬೇರೆ ಏನೂ ಇಲ್ಲ." ಕನ್ನಡಕ ತೆಗೆದರು. "ಅಲ್ಲಯ್ಯಾ, ಮೂರು ವರ್ಷ ಬೇರೆ ತಪ್ಪುಗಳಿಗೆ. ಬರೀ ವೇಗದ್ದಾದರೆ ಒಂದೇ ವರ್ಷ. ತೊಂಬತ್ನಾಲ್ಕರಲ್ಲೇ ಬಂದಿದ್ರೆ ಹೊಸ ಪುಸ್ತಕ ಕೊಡ್ತಿದ್ವಲ್ಲ!"

ಪುಟ್ಟರಾಜುವಿಗೆ ಹೋದ ವರ್ಷದ್ದು ನೆನಪಾಯಿತು. ಆಗಲೂ ಇದೇ ಕೆಲಸಕ್ಕೆ ಕರೆದಿದ್ದರು, ಕಲೆಯಿದೆಯೆಂದು ಅವನು ಹೋಗಿರಲಿಲ್ಲ. "ಒಂದ್ ಸಲ ಆಪೀಸಿಗೋಗಿ ಕೇಳ್ಕಬರಬಾರ್ದಾ?" ಎಂದಿದ್ದಳು ಚಲುವಮ್ಮ. "ನಿಂಗೇನ್ ಗೊತ್ತು, ಸುಮ್ಕಿರು" ಎಂದು ಅವಳ ಬಾಯಿ ಮುಚ್ಚಿಸಿದ್ದ.

ಸಂಜೆ ಹೊಸ ಪುಸ್ತಕ ಕೈಗೆ ಬಂತು. ಗೇಟಿನ ಹೊರಗೆ ಬಂದು ಅದನ್ನು ಅವಳ ಮುಂದೆ ಹಿಡಿದ. ಮುಖ ನೋಡುವ ಧೈರ್ಯವಿರಲಿಲ್ಲ.

"ಬೈದ್ಬುಟ್ಟೆ ಕಣೆ. ತಪ್ಪು ನಂದೇಯ. ತಕ್ಕೊ, ನೀನೇ ಮೊದ್ಲು ಬೊಟ್ಟಿಕ್ಕು."

ಚಲುವಮ್ಮ ಪುಸ್ತಕ ಮುಟ್ಟಲಿಲ್ಲ.

"ಬೊಟ್ಟು ಇರ್ಲಿ. ಇನ್ಮ್ಯಾಕೆ ನಾನು ಕೇಳ್ಕಬನ್ನಿ ಅಂದಾಗ ಓಗಿ ಕೇಳ್ಕಬನ್ನಿ," ಎಂದವಳೇ ಬಸ್ ಸ್ಟ್ಯಾಂಡಿನ ಕಡೆ ನಡೆದಳು.