ಎಂಟು ದಿನದ ಬಗ್ಗಡ

"ಲೇ ಕುಳ್ಳ, ದೂರ ನಿಂತ್ಕಂಡು ಮಾತಾಡ್ಲಾ ಬೋಳಿಮಗ್ನೆ. ಗಬ್ಬುನಾತ, ಥೂ!"

ಕೊಳಚೆನೀರು ಘಟಕದ ಗುತ್ತಿಗೆದಾರ ರಘುನಂದನ್ ಮೂಗಿಗೆ ಕರ್ಚೀಫು ಒತ್ತಿಕೊಂಡ. ಬೆಳಗಿನಿಂದ ಮೊಣಕಾಲುದ್ದ ಬಗ್ಗಡದಲ್ಲಿ ಸಲಿಕೆ ಎಳೆದಿದ್ದ ಕುಳ್ಳಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಸರಿಯುವುದಕ್ಕೂ ತ್ರಾಣ ಬೇಕಲ್ಲ, ಅದೂ ಉಳಿದಿರಲಿಲ್ಲ.

ಇವತ್ತು ಸ್ಯಾಂಪಲ್ಲಿನ ದಿನ. ಊರ ಕಕ್ಕಸಿನ ಬಗ್ಗಡ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಒಣಗಿ, ರೋಗದ ಹುಳ ಸತ್ತು, ಲ್ಯಾಬಿನವರು ಗದ್ದೆಗೆ ಯೋಗ್ಯವೆಂದು ಬರೆದುಕೊಟ್ಟ ಮೇಲೆ ಗೊಬ್ಬರವಾಗಬೇಕು. ಅದೆಲ್ಲ ಕಾಗದದ ಮಾತು. ಇಲ್ಲಿ ಎಂಟೇ ದಿನಕ್ಕೆ ಟ್ರಾಕ್ಟರು ತುಂಬುತ್ತಿದ್ದರು. ಲ್ಯಾಬಿಗೆ ಮಾತ್ರ, ಹೋದ ವರ್ಷ ನೆಟ್ಟಗೆ ಒಣಗಿಸಿ ಆಫೀಸಿನಲ್ಲಿಟ್ಟ ಒಂದು ಮೂಟೆಯಿಂದಲೇ ಪ್ರತಿಸಲ ಎರಡು ಹಿಡಿ ಹೋಗುತ್ತಿತ್ತು.

ಅರಕೆರೆ ಬಯಲಲ್ಲಿ ಆ ಗೊಬ್ಬರದ ಗದ್ದೆಗೆ ನಾಟಿಗಿಳಿದವಳು ಕುಳ್ಳಯ್ಯನ ಹೆಂಡತಿ ಮಂಚಮ್ಮ. ಈಗ ಅವಳ ಕಾಲೆಲ್ಲ ಕೀವು. "ಸೂಜಿ ಚುಚ್ಚಿಸ್ಕಂಡ್ರೂ ವಾಸಿ ಆಗ್ನಿಲ್ಲ. ಅದೇ ಗದ್ದೆ ಕಳೆಗೆ ಕರ್ದವ್ರೆ, ಓಗ್ದೆ ಇನ್ನೇನ್ ಮಾಡ್ಲಿ?" ಅಂದಿದ್ದಳು ಬೆಳಿಗ್ಗೆ. ಸರ್ಟಿಫಿಕೇಟು ಬಂದರೆ ಇನ್ನೂ ನಲವತ್ತು ಲೋಡು ಅದೇ ಬಯಲಿಗೆ. ಅಯ್ಯೋ, ಅವಳೊಬ್ಬಳ ಕಾಲೇ?

"ಮೂಟೆಯಿಂದ ತುಂಬು. ನೀನೇ ಮುಚ್ಚಿ ಅರಗಾಕು. ನೀನ್ ಮುಟ್ಟಿದ್ನ ನಾನ್ ಮುಟ್ಟಕಾಯ್ತದಾ?" ಎಂದ ರಘುನಂದನ್ ಜೀಪು ಹತ್ತಿ, ಗಾಜು ಏರಿಸಿ, ಫೋನು ಹಿಡಿದು ಕೂತ.

ಕುಳ್ಳಯ್ಯ ಬಿಳಿ ಡಬ್ಬ ಹಿಡಿದು ಆಫೀಸಿಗೆ ಹೋಗಲಿಲ್ಲ. ಎಂಟು ದಿನದ ಬಗ್ಗಡವಿದ್ದ ಎರಡನೇ ತೊಟ್ಟಿಗೆ ಇಳಿದ. ನಿಯಮದ ಪ್ರಕಾರವೇ ಐದು ಕಡೆ, ಗೇಣುದ್ದ ಆಳಕ್ಕೆ ಕೈಹಾಕಿ ತುಂಬಿದ. ಅರಗು ಹಾಕಿ ಡಬ್ಬವನ್ನು ಜೀಪಿನ ಹಿಂದಕ್ಕಿಟ್ಟ.

ಗಾಜು ನಾಲ್ಕು ಬೆರಳು ಇಳಿಯಿತು. ಒಂದು ಕಾಗದ, ಒಂದು ಕವರು ನೆಲಕ್ಕೆ ಬಿದ್ದವು.

"ಸ್ಯಾಂಪಲ್ ತೆಗ್ದೋರು ಅಂತ ಬರ್ದವ್ರಲ್ಲ, ಅಲ್ಲಿ ಎಬ್ಬೆಟ್ಟೊತ್ತು. ಎಚ್ಚುಕಮ್ಮಿ ಆದ್ರೆ ನಿನ್ ತಲೆಗೆ."

"ಪೆನ್ನು ಕೊಡಿ ಬುದ್ಧಿ."

"ನಿಂಗ್ ಬರಿಯಕ್ ಬತ್ತದೇನ್ಲಾ?"

"ನಾಕ್ನೇ ಕ್ಲಾಸು ಓದಿವ್ನಿ. ನೀವ್ ಕೇಳ್ನಿಲ್ಲ."

ಪೆನ್ನೂ ನೆಲಕ್ಕೇ ಬಿತ್ತು. ಕುಳ್ಳಯ್ಯ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಅಕ್ಷರ ಬರೆದ: ಕುಳ್ಳಯ್ಯ. ಅದರ ಕೆಳಗೆ: ಎರಡನೇ ತೊಟ್ಟಿ, ಎಂಟು ದಿನದ ಬಗ್ಗಡ, ಇದನ್ನೇ ಗದ್ದೆಗೆ ಹಾಕುತ್ತಾರೆ. ಕವರಿಗೆ ಹಾಕಿ ಅಂಟಿಸಿ ಡಬ್ಬದ ಮೇಲಿಟ್ಟ. ಪೆನ್ನನ್ನು ಗಾಜಿನತ್ತ ಚಾಚಿದ.

"ಥೂ, ಅದ್ನ ನೀನೇ ಮಡಿಕ್ಕೊ."

ಜೀಪು ಹೋಯಿತು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಕುಳ್ಳಯ್ಯ ಸಲಿಕೆ ಎತ್ತಿಕೊಂಡ. ಲ್ಯಾಬಿನ ವರದಿ ಬರುವವರೆಗಾದರೂ ಕೆಲಸವಿತ್ತು.