ಮೊದಲ ಸ್ವಿಚ್ಚಿನ ಬೆಣೆ

ಚೆನ್ನಯನ ಹೋಟೆಲಿನ ಫೋನು ಬೆಳಗಿನ ಆರು ಗಂಟೆಗೆ ಬಾರಿಸುವುದನ್ನು ನಿಲ್ಲಿಸಿ ಹದಿನೆಂಟು ದಿನಗಳಾಗಿದ್ದವು. ಹಗಲು ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ಅದು ಎಂದಿನಂತೆ ಬಾರಿಸುತ್ತಿತ್ತು. ಬೆಳಗಿನ ಆ ಒಂದು ಕರೆ ಮಾತ್ರ ಬರುತ್ತಿರಲಿಲ್ಲ.

ಕುರ್ಲಾದ ಆ ಚಾಳಿನ ಹದಿನಾಲ್ಕು ಹೆಂಗಸರ ಕೂಲಿ ನಿಂತಿದ್ದದ್ದು ಅದೊಂದು ಕರೆಯ ಮೇಲೆ. ಕಟ್ಟಡದ ಗುತ್ತಿಗೆ ಹಿಡಿದಿದ್ದ ಶೇಟ್ ದಿನಾ ಆರಕ್ಕೆ ಫೋನು ಮಾಡಿ, ಈ ದಿನ ಜೋಗೇಶ್ವರಿಗೆ ಎಷ್ಟು ಜನ ಬೇಕು ಎಂದು ತಿಳಿಸಬೇಕು. ಚೆನ್ನಯ ಹೊರಗೆ ಬಂದು ಮಲ್ಲವ್ವನಿಗೆ ಕೂಗಿ ಹೇಳಬೇಕು. ವಿಜಾಪುರದ ಕಡೆಯ ಆ ಗುಂಪಿಗೆ ಮುಕಾದಮಳಾದ ಮಲ್ಲವ್ವ ಎಲ್ಲರನ್ನೂ ಕಟ್ಟಿಕೊಂಡು ಲೋಕಲ್ ಹತ್ತಿ, ದಾದರಿನಲ್ಲಿ ಗಾಡಿ ಬದಲಿಸಿ ಕೆಲಸಕ್ಕೆ ಹೋಗಬೇಕು. ಆರು ವರ್ಷ ಹೀಗೆಯೇ ನಡೆದಿತ್ತು. ಈಗ ಆ ಕೆಲಸ ದಿನಾ ಇನ್ನೊಂದು ಗುಂಪಿನ ಪಾಲಾಗುತ್ತಿತ್ತು. ಮಲ್ಲವ್ವ ಫೋರ್ಟಿನ ಆಫೀಸಿಗೇ ಹೋಗಿ ಕೇಳಿದಾಗ ಶೇಟ್ ಅಂದದ್ದು ಇಷ್ಟೇ: “ಘಂಟಿ ಬಜ್ತೀ ಹೈ ಬಾಯಿ, ಕೋಯಿ ಉಠಾತಾ ನಹೀಂ.”

ಈಗಲೂ ಆರಕ್ಕೆ ಮೊದಲು ಇಲ್ಲಿಗೇ ಫೋನು ಮಾಡುತ್ತಾನೆ, ಗಂಟೆ ಬಾರಿಸುತ್ತದೆ, ಯಾರೂ ಎತ್ತುವುದಿಲ್ಲ. ಅಂದರೆ ಎತ್ತದವನು ಚೆನ್ನಯ. ಇನ್ನೊಂದು ಗುಂಪಿನವರು ಅವನ ಕೈ ಬಿಸಿ ಮಾಡಿದ್ದಾರೆ ಎಂದು ಚಾಳಿನಲ್ಲಿ ಮಾತು ಹಬ್ಬಿತು. ಹೆಂಗಸರು ಅವನ ಹೋಟೆಲಿನಲ್ಲಿ ಚಹಾ ಕುಡಿಯುವುದನ್ನು ಬಿಟ್ಟರು.

ಆಗ ಫೋನಿನ ಲೈನನ್ನು ಒಮ್ಮೆ ನೋಡಿ ಎಂದು ಚೆನ್ನಯ ಭೀಮರಾಯನನ್ನು ಕೇಳಿಕೊಂಡಿದ್ದ. ಭೀಮರಾಯ ಅದೇ ಚಾಳಿನ ಎರಡನೆಯ ಮಾಳಿಗೆಯವನು, ಧಾರವಾಡದಲ್ಲಿ ಫಿಜಿಕ್ಸ್ ಓದಿ ಬಿ.ಎಸ್ಸಿ. ಮಾಡಿದವನು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಕ್ನಿಷಿಯನ್. ಬಂದ ಹೊಸದರಲ್ಲಿ ಖೋಲಿ ಸಿಗದೆ ಒಂದು ತಿಂಗಳು ಚೆನ್ನಯನ ಹೋಟೆಲಿನ ಬೆಂಚಿನ ಮೇಲೆಯೇ ಮಲಗಿದ್ದವನು. ಅವನು ಹಗಲು ಹನ್ನೊಂದರ ಹೊತ್ತಿಗೆ ಟೆಸ್ಟ್ ಡೆಸ್ಕಿನಿಂದ ಆ ನಂಬರಿನ ತಂತಿಯನ್ನು ಪರೀಕ್ಷಿಸಿದ. ಫೋನು ಚೆನ್ನಾಗಿಯೇ ಬಾರಿಸಿತು. ಮಾರನೆಯ ಬೆಳಿಗ್ಗೆ ಹೋಟೆಲಿನ ಮುಂದೆ, ಎಲ್ಲರ ಎದುರಿಗೆ, “ಲೈನ್ ಪೂರಾ ಸರಿ ಐತಿ” ಎಂದು ಹೇಳಿದ. ಕಲಿತವನ ಮಾತು. ಅದರ ಮೇಲೆ ಚೆನ್ನಯ ಏನು ಹೇಳಿದರೂ ಸುಳ್ಳಾಯಿತು.

ಹದಿನೆಂಟನೆಯ ದಿನ ಭೀಮರಾಯ ಡ್ಯೂಟಿಗೆ ಹೊರಟಾಗ ನಲ್ಲಿಯ ಹತ್ತಿರ ಮಲ್ಲವ್ವ ತಡೆದಳು.

“ಭೀಮರಾಯಪ್ಪಾ, ನೀವ್ ಕಲ್ತವ್ರು, ಒಂದ್ ಮಾತ್ ಹೇಳ್ರಿ. ಆ ಶೇಟ್‌ನ ಕಿವಿಗೆ ಗಂಟಿ ಕೇಳಸ್ತದಂತ. ಇಂವ ಫೋನಿನ ಮುಂದ ಕುಂತಾನು, ಇಂವಗ ಕೇಳಸೂದಿಲ್ಲಂತ. ಒಂದ ಗಂಟಿ ಅಲ್ಲೇನ್ರಿ ಅದು? ಅಲ್ಲಿ ಬಡದ್ರ ಇಲ್ಲಿ ಬಡೀಬೇಕಲ್ಲ?”

“ಹೌದವ್ವಾ” ಎಂದು ಭೀಮರಾಯ ಎರಡು ಹೆಜ್ಜೆ ಇಟ್ಟ. ಮೂರನೆಯದನ್ನು ಇಡಲಾಗಲಿಲ್ಲ.

ಒಂದೇ ಗಂಟೆ ಅಲ್ಲ. ತರಬೇತಿಯ ಮೊದಲ ವಾರದಲ್ಲೇ ಅದನ್ನು ಕಲಿಸಿದ್ದರು. ಕರೆಯೊಂದು ಎಕ್ಸ್‌ಚೇಂಜಿನಲ್ಲಿ ಮೆಟ್ಟಿಲು ಹತ್ತುವಂತೆ ಹತ್ತುತ್ತದೆ. ತಿರುಗಿಸಿದ ಅಂಕೆಗಳು ಅದನ್ನು ಒಂದು ಸ್ವಿಚ್ಚಿನಿಂದ ಮುಂದಿನ ಸ್ವಿಚ್ಚಿಗೆ ದಾಟಿಸುತ್ತವೆ. ಕೊನೆಯ ಸ್ವಿಚ್ಚು ಎರಡು ಕೆಲಸ ಮಾಡುತ್ತದೆ: ಕರೆ ಹೋಗಬೇಕಾದ ಮನೆಯ ಗಂಟೆಗೆ ಕರೆಂಟು ಕಳಿಸುವುದು ಒಂದು, ಕರೆದವನ ಕಿವಿಗೆ ‘ಬಾರಿಸುತ್ತಿದೆ’ ಎಂಬ ಸದ್ದು ಕೇಳಿಸುವುದು ಇನ್ನೊಂದು. ಮೊದಲನೆಯದು ಕೆಟ್ಟರೂ ಎರಡನೆಯದು ನಡೆಯುತ್ತಲೇ ಇರಬಹುದು. ಇಲ್ಲಿ ಮೌನ, ಅಲ್ಲಿ ಗಂಟೆ.

ಅಂಥ ಒಂದು ಸ್ವಿಚ್ಚು ಅವನಿಗೆ ಗೊತ್ತಿತ್ತು.

ಎಕ್ಸ್‌ಚೇಂಜಿಗೆ ಹೋದವನೇ ದೋಷದ ಪುಸ್ತಕ ತೆರೆದ. ಬರಹ ಅವನದೇ: ಚೆನ್ನಯನ ಫೋನಿದ್ದ ನೂರು ನಂಬರುಗಳ ಸಾಲಿನಲ್ಲಿ ಒಂದನೆಯ ಸ್ವಿಚ್ಚು, ಗಂಟೆಯ ಕರೆಂಟು ಹೋಗುತ್ತಿಲ್ಲ, ಬೆಣೆ ಹಾಕಿದೆ. ಕೆಟ್ಟ ಸ್ವಿಚ್ಚಿಗೆ ಹೊಸ ಭಾಗ ಬರುವತನಕ ಒಂದು ಕೆಂಪು ಮರದ ಬೆಣೆ ಸಿಕ್ಕಿಸಿಡುವುದು ಅಲ್ಲಿನ ಪದ್ಧತಿ. ಬೆಣೆ ಇದ್ದರೆ ಸ್ವಿಚ್ಚು ಬಿಡುವಿಲ್ಲದಂತೆ ತೋರುತ್ತದೆ. ಕರೆ ಅದನ್ನು ದಾಟಿ ಎರಡನೆಯದಕ್ಕೆ ಹೋಗುತ್ತದೆ.

ಹದಿನೆಂಟು ದಿನದ ಹಿಂದೆ ದೊಡ್ಡ ಸಾಹೇಬರ ಇನ್ಸ್‌ಪೆಕ್ಷನ್ ಇತ್ತು. ಅವರು ಕೆಂಪು ಬೆಣೆಗಳನ್ನು ಎಣಿಸುತ್ತಾರೆಂದು ಸೂಪರ್‌ವೈಸರನಿಗೆ ಭಯ. ಅವನ ಮಾತಿಗೆ ಭೀಮರಾಯ ಬೆಣೆಗಳನ್ನೆಲ್ಲ ಕಿತ್ತು ಹತ್ಯಾರದ ಚೀಲಕ್ಕೆ ಹಾಕಿಕೊಂಡ, ಸಾಹೇಬರು ಹೋದ ಮೇಲೆ ಆರನ್ನು ಮರಳಿ ಹಾಕಿದ. ಏಳು ಇದ್ದವೇ ಎಂಬ ಅನುಮಾನ ಆಗಲೇ ಬಂದಿತ್ತು. ಪುಸ್ತಕ ನೋಡಿದ್ದರೆ ತಿಳಿಯುತ್ತಿತ್ತು. ಡ್ಯೂಟಿ ಮುಗಿದಿತ್ತು, ಹಸಿವಾಗಿತ್ತು, ನೋಡಲಿಲ್ಲ.

ಸಾಲಿನ ಮುಂದೆ ನಿಂತು ನೋಡಿದ. ಒಂದನೆಯ ಸ್ವಿಚ್ಚಿಗೆ ಬೆಣೆ ಇರಲಿಲ್ಲ. ಹಿಂದಿನ ಹಂತದ ಸ್ವಿಚ್ಚು ಬಿಡುವಾಗಿರುವುದನ್ನು ಯಾವಾಗಲೂ ಎಡತುದಿಯ ಒಂದನೆಯದರಿಂದ ಹುಡುಕುತ್ತಾ ಬರುತ್ತದೆ. ಹಗಲಿನ ಗದ್ದಲದಲ್ಲಿ ಒಂದನೆಯದು ಸಾಮಾನ್ಯವಾಗಿ ಯಾರದೋ ಕರೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಉಳಿದ ಕರೆಗಳು ಒಳ್ಳೆಯ ಸ್ವಿಚ್ಚುಗಳ ಪಾಲಾಗುತ್ತವೆ. ಬೆಳಗಿನ ಆರಕ್ಕೆ ಊರು ಇನ್ನೂ ಫೋನು ಹಿಡಿದಿರುವುದಿಲ್ಲ. ಎಲ್ಲಕ್ಕಿಂತ ಮೊದಲು ಕೈಗೆ ಸಿಗುವುದು ಕೆಟ್ಟದ್ದೇ. ಇನ್ನು ಟೆಸ್ಟ್ ಡೆಸ್ಕಿನ ದಾರಿಯೇ ಬೇರೆ, ಅದು ಈ ಸ್ವಿಚ್ಚನ್ನು ಮುಟ್ಟುವುದೇ ಇಲ್ಲ. ಇದೂ ಅವನಿಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಎಲ್ಲರೆದುರು ‘ಪೂರಾ ಸರಿ’ ಎಂದಿದ್ದ.

ಡ್ರಾಯರಿನಿಂದ ಹೊಸ ಬೆಣೆ ತೆಗೆದು ಸಿಕ್ಕಿಸಿದ. ಹಳೆಯದು ಚೀಲದ ತಳದಲ್ಲಿ, ಸ್ಕ್ರೂಡ್ರೈವರುಗಳ ಅಡಿಯಲ್ಲಿ ಸಿಕ್ಕಿತು. ನಾಳೆ ಗಂಟೆ ಬಾರಿಸುತ್ತದೆ, ಎಲ್ಲ ಸರಿಹೋಗುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡ. ಬರುವ ತಿಂಗಳು ಅವನ ಕೆಲಸ ಕಾಯಂ ಆಗುವುದಿತ್ತು.

ಮರುದಿನ ಆರಕ್ಕೆ ಸರಿಯಾಗಿ ಗಂಟೆ ಬಾರಿಸಿತು. ಚೆನ್ನಯ ಓಡಿಬಂದು ಎತ್ತಿದ. ಹೊರಗೆ ಬಂದು, “ಹನ್ನೆರಡು ಜನ ಅಂತೆ, ಮಲ್ಲವ್ವಾ” ಎಂದು ಕೂಗಿದ. ಮಲ್ಲವ್ವ ನಕ್ಕಳು.

“ನೋಡ್ರೇ, ಫೋನಿಗಿ ಬಾಯಿ ಬಂತ. ಭೀಮರಾಯಪ್ಪ ಪರೀಕ್ಷಾ ಮಾಡಿದ್ರಲ್ಲ, ಸಿಕ್ಕೊಂತೀನಂತ ಹೆದರಿ ಶಾಣ್ಯಾ ಆಗ್ಯಾನ.”

“ಆ ಗುಂಪಿನಿಂದ ರೊಕ್ಕಾ ಬರೂದು ನಿಂತಿರ್ಬೇಕ ಬಿಡ ಯಕ್ಕಾ” ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ಚೆನ್ನಯ ಒಳಗೆ ಹೋದ. ಮೂಲೆಯ ಮೇಜಿನಲ್ಲಿ ಕೂತಿದ್ದ ಭೀಮರಾಯನಿಗೆ ಎಂದಿನಂತೆ ಚಹಾ ತಂದಿಟ್ಟ. “ನನ್ನ ತಪ್ಪಿಲ್ಲ ಎಂದು ನೀವು ಬರೆದು ಕೊಟ್ಟರೂ ಇವರು ನಂಬುವುದಿಲ್ಲ ಮಾರಾಯ್ರೆ” ಎಂದ, ತಾನೇ ತಪ್ಪು ಮಾಡಿದವನ ಹಾಗೆ. ಭೀಮರಾಯ ತಲೆ ತಗ್ಗಿಸಿ ಆ ಚಹಾ ಕುಡಿದ. ಎದ್ದು ಹೋದ.

ಗುಟ್ಟಾಗಿ ಮಾಡಿದ ರಿಪೇರಿ ಚೆನ್ನಯನ ಕಳ್ಳತನಕ್ಕೆ ಸಾಕ್ಷಿ ಹೇಳಿತ್ತು. ಆ ದಿನವಿಡೀ ಸ್ವಿಚ್ಚುಗಳ ಟಕಟಕ ಸದ್ದಿನ ನಡುವೆ ಭೀಮರಾಯನಿಗೆ ಹೆಂಗಸರ ಆ ನಗೆಯೇ ಕೇಳಿಸಿತು.

ಇಪ್ಪತ್ತನೆಯ ದಿನ ಬೆಳಿಗ್ಗೆ ಆರಕ್ಕೆ ಐದು ನಿಮಿಷ ಇರುವಾಗ ಅವನು ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಮಲ್ಲವ್ವನನ್ನು ಕರೆದ. ಹೆಂಗಸರೂ ಬಂದು ನಿಂತರು. ಕೆಂಪು ಬೆಣೆಯನ್ನು ಫೋನಿನ ಪಕ್ಕದ ಕಲ್ಲಿನ ಮೇಜಿನ ಮೇಲಿಟ್ಟು, ಇದನ್ನು ತಾನು ಕಿತ್ತದ್ದು, ಮರಳಿ ಹಾಕಲು ಮರೆತದ್ದು, ಅದಕ್ಕೇ ಶೇಟ್‌ಗೆ ಮಾತ್ರ ಗಂಟೆ ಕೇಳಿಸಿದ್ದು, ಎಲ್ಲವನ್ನೂ ಹೇಳಿದ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ಮಲ್ಲವ್ವ ಬೆಣೆಯನ್ನು ಎತ್ತಿ ತಿರುಗಿಸಿ ನೋಡಿದಳು. ಅವಳ ಕಿರುಬೆರಳಿನಷ್ಟೂ ಇರಲಿಲ್ಲ ಅದು.

“ಇಷ್ಟ?” ಎಂದಳು. ಆಮೇಲೆ ಮೆಲ್ಲಗೆ, “ಈ ಚೆನ್ನಯನ ಮುಖದ ಮ್ಯಾಲ ಉಗುಳೂದೊಂದ ಬಾಕಿ ಇಟ್ಟಿದ್ವಲ್ಲೋ ತಮ್ಮಾ.”

ಚೆನ್ನಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತೇ ಇದ್ದ.

“ಇದು ನಿಮಗೆ ಯಾವಾಗ ಗೊತ್ತಾದದ್ದು?”

“ಮೊನ್ನೆ.”

“ಮೊನ್ನೆ.” ಚೆನ್ನಯ ಒರೆಸುತ್ತಿದ್ದ ಲೋಟವನ್ನು ಕೆಳಗಿಟ್ಟ. “ನಿನ್ನೆ ಇಲ್ಲಿಯೇ ಕೂತು ಚಹಾ ಕುಡಿದಿರಲ್ಲ.”



ಫೋನು ಬಾರಿಸಿತು. ಎಲ್ಲರೂ ಚೆನ್ನಯನತ್ತ ನೋಡಿದರು. ಅವನು ಕೈ ಚಾಚಲಿಲ್ಲ.

“ನೀವೇ ಎತ್ತಿ” ಎಂದ. “ನಡೆದದ್ದನ್ನು ನಾನು ಹೇಳಿದರೆ ಶೇಟ್ ನಂಬುವುದಿಲ್ಲ. ನಿಮ್ಮ ಮಾತಿಗಾದರೆ ಬೆಲೆ ಉಂಟು.”

ಗಂಟೆ ಮೂರು ಸಲ, ನಾಲ್ಕು ಸಲ ಬಾರಿಸಿತು. ಅಲ್ಲಿಯೂ ಹೀಗೆಯೇ ಕೇಳಿಸುತ್ತಿರುತ್ತದೆ, ಇನ್ನೂ ಎತ್ತಲಿಲ್ಲವಲ್ಲ ಎಂದು ಶೇಟ್ ಬಯ್ಯುತ್ತಿರುತ್ತಾನೆ. ಭೀಮರಾಯ ರಿಸೀವರನ್ನು ಕಿವಿಗಿಟ್ಟುಕೊಂಡ.

“ಚೆನ್ನಯ?”

“ನಹೀಂ, ಶೇಟ್” ಎಂದು ಅವನು ತನ್ನ ಪೂರ್ತಿ ಹೆಸರನ್ನೂ ಕೆಲಸವನ್ನೂ ಹೇಳಿದ.